ಸ್ಪೀಕರಿಗೆ ಐಸೊಲೇಷನ್ ಕಾಲು: ಮೊದಲು ತೂಕ ನೋಡಿ, ಆಮೇಲೆ ಕೊಳ್ಳಿ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಗೆಳೆಯರು ಸ್ಪೀಕರ್ ವಿಷಯಕ್ಕೆ ನನಗೆ ಫೋನ್ ಮಾಡಿದರೆ ದೂರು ಹೆಚ್ಚೂಕಡಿಮೆ ಒಂದೇ ತರಹ ಇರುತ್ತದೆ. "ದುಬಾರಿ ಕಾಲು ತರಿಸಿ ಹಾಕಿದೆ, ಬಾಸ್ ಇನ್ನೂ ಕೆಟ್ಟಿತು." "ಸ್ಪೀಕರ್ ಮುಂದಕ್ಕೆ ವಾಲಿದೆ." "ಬೋಲ್ಟ್ ಅರ್ಧಕ್ಕೇ ಸಿಕ್ಕಿಕೊಂಡಿತು." ನಾನು ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಸ್ಪೀಕರ್ ತೂಕ ಎಷ್ಟು? ಆ ಕಡೆ ಸದ್ದಿಲ್ಲ. ಬೆಲೆ ಕೇಳಿದರೆ ಮಾತ್ರ ಪೈಸೆ ಸಮೇತ ಹೇಳುತ್ತಾರೆ.

ಐಸೊಲೇಷನ್ ಕಾಲು ಎಂದರೆ ಸ್ಪೀಕರ್ ಪೆಟ್ಟಿಗೆಯ ನಡುಕ ನೆಲಕ್ಕೆ ಇಳಿಯದಂತೆ ನಡುವೆ ಕೂರಿಸುವ ಮೆತ್ತನೆಯ ಬುಡ. ಒಳಗೆ ರಬ್ಬರ್ ಇರಬಹುದು, ಸ್ಪ್ರಿಂಗ್ ಇರಬಹುದು. ಮೇಲಿನ ತೂಕ ಅದನ್ನು ಸರಿಯಾಗಿ ಅದುಮಿದಾಗ ಮಾತ್ರ ಅದು ಕೆಲಸ ಮಾಡುತ್ತದೆ. ಹಗುರ ಸ್ಪೀಕರಿಗೆ ಗಟ್ಟಿ ಕಾಲು ಹಾಕಿದರೆ ಅದು ಬರೀ ಮರದ ತುಂಡು. ಭಾರದ ಸ್ಪೀಕರಿಗೆ ತೀರಾ ಮೆತ್ತನೆಯದು ಹಾಕಿದರೆ ಚಪ್ಪಟೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇಲ್ಲಿ ತೂಕ ಇದ್ದಂತೆ ಕಾಲು.

ಕೆಲಸದ ಸರದಿ ಇದು: ನೆಲ, ತೂಕ, ಕಾಲಿನ ಆಯ್ಕೆ, ಥ್ರೆಡ್, ಜಾಗ, ಜೋಡಣೆ, ಮಟ್ಟ, ಪರೀಕ್ಷೆ. ಬಹಳ ಜನ ಮೂರನೆಯದರಿಂದ ಶುರು ಮಾಡುತ್ತಾರೆ. ಎಡವಟ್ಟು ಆಗುವುದೇ ಅಲ್ಲಿ.

## ಬೇಕಾಗುವ ಸಾಮಾನು

ಮನುಷ್ಯರು ನಿಂತು ತೂಕ ನೋಡುವ ಮನೆಯ ಕಾಟಾ ಒಂದು. ಗೌಂಡಿಗಳು ಬಳಸುವ ರಸಮಟ್ಟ, ಚಿಕ್ಕದಾದರೂ ಸಾಕು. ಅಳತೆ ಟೇಪು, ಸ್ಟೀಲ್ ಸ್ಕೇಲು, ಸಾಧ್ಯವಾದರೆ ಮಿಲಿಮೀಟರಿನ ಭಾಗವನ್ನೂ ಅಳೆಯುವ ವರ್ನಿಯರ್. ಬಣ್ಣ ಹಚ್ಚುವವರು ಬಳಸುವ ಕಾಗದದ ಟೇಪು. ಸ್ಪ್ಯಾನರ್, ಟಾರ್ಚು. ಸ್ಪೀಕರ್ ಮಲಗಿಸಲು ಹಳೆಯ ಗಾದಿ. ಇಷ್ಟರ ಜೊತೆ ಇನ್ನೊಬ್ಬ ಮನುಷ್ಯ ಬೇಕು. 25 ಕೆಜಿ ದಾಟಿದ ಸ್ಪೀಕರನ್ನು ಒಬ್ಬರೇ ಎತ್ತಲು ಹೋಗಬೇಡಿ. ಸ್ಪೀಕರ್ ಉಳಿದರೂ ಸೊಂಟ ಉಳಿಯುವುದಿಲ್ಲ.

## ಹಂತ 1: ನೆಲವನ್ನು ತಟ್ಟಿ ನೋಡಿ

ಸ್ಪೀಕರ್ ಇಡುವ ಜಾಗದಲ್ಲಿ ನಿಂತು ಹಿಮ್ಮಡಿಯಿಂದ ಜೋರಾಗಿ ತುಳಿಯಿರಿ. ಕೆಳಮನೆಯ ನೆಲ, ಅಂದರೆ ಮಣ್ಣು ತುಂಬಿ ಕಾಂಕ್ರೀಟ್ ಹಾಕಿ ಮೇಲೆ ಶಹಾಬಾದ್ ಫರ್ಸಿಯೋ ಟೈಲ್ಸೋ ಕೂರಿಸಿದ್ದಾದರೆ, ಸತ್ತ ಸದ್ದು ಬರುತ್ತದೆ. ಕಾಲಿಗೆ ಏನೂ ವಾಪಸು ಬರುವುದಿಲ್ಲ. ಇಂಥ ನೆಲ ತಾನಾಗಿ ಕುಣಿಯುವುದು ಕಡಿಮೆ. ಇಲ್ಲಿ ಐಸೊಲೇಷನ್ ಕಾಲಿನಿಂದ ಆಗುವ ಲಾಭವೂ ಕಡಿಮೆಯೇ. ನಿಮ್ಮದು ಈ ತರಹದ ನೆಲ, ಪಡಸಾಲೆ ಖಾಲಿ ಖಾಲಿ ಅಂತಿದ್ದರೆ ಮೊದಲು ಜಮಖಾನೆ ಮತ್ತು ದಪ್ಪ ಪರದೆಗೆ ದುಡ್ಡು ಹಾಕಿ. ಇದು ನನ್ನ ಖಚಿತ ಅಭಿಪ್ರಾಯ.

ಮೊದಲ ಮಹಡಿಯ ಸ್ಲ್ಯಾಬ್ ಬೇರೆ ಕಥೆ. ನೆಲದ ಮೇಲೆ ಒಂದು ಲೋಟ ನೀರಿಟ್ಟು ಬಾಸ್ ಇರುವ ಹಾಡು ಹಾಕಿ. ನೀರಿನಲ್ಲಿ ಉಂಗುರ ಎದ್ದರೆ ನಡುಕ ನೆಲಕ್ಕೆ ಇಳಿಯುತ್ತಿದೆ ಎಂದರ್ಥ. ಕೆಳಗಿನ ಮನೆಯವರು ಈಗಾಗಲೇ ಬಂದು ಬಾಗಿಲು ಬಡಿದಿದ್ದರೆ ಲೋಟ ಬೇಡ, ಪರೀಕ್ಷೆ ಮುಗಿದಿದೆ.

ಬೆಳಗಾವಿಯ ಹಳೆಯ ಹೆಂಚಿನ ಮನೆಗಳಲ್ಲಿ ಜಂತಿಗಳ ಮೇಲೆ ಹಲಗೆ ಹೊಡೆದ ಮಹಡಿ ಇರುತ್ತದೆ. ಆ ಹಲಗೆಯ ನೆಲವೇ ಒಂದು ಸ್ಪ್ರಿಂಗ್. ಅಲ್ಲಿ ಸ್ಪೀಕರನ್ನು ಕೋಣೆಯ ನಡುಭಾಗಕ್ಕೆ ತರದೆ, ಜಂತಿಗಳ ತುದಿ ಗೋಡೆಯಲ್ಲಿ ಕೂತಿರುವ ಬದಿಗೆ ಇಡಿ. ಜಂತಿಯ ನಡುವೆ ಕುಣಿತ ಜಾಸ್ತಿ, ತುದಿಯಲ್ಲಿ ಕಡಿಮೆ.

ಟೈಲ್ಸ್ ನೆಲವಾದರೆ ಇನ್ನೊಂದು ಕೆಲಸ ಉಂಟು. ಐದು ರೂಪಾಯಿ ನಾಣ್ಯ ಹಿಡಿದು ಒಂದೊಂದೇ ಟೈಲನ್ನು ತಟ್ಟಿ. ಡಬ್ ಡಬ್ ಅಂತ ಪೊಳ್ಳು ಸದ್ದು ಬಂದರೆ ಕೆಳಗೆ ಸಿಮೆಂಟ್ ಕೂತಿಲ್ಲ. ಅದಕ್ಕೆ ಕಾಗದದ ಟೇಪಿನಿಂದ ಗುರುತು ಹಾಕಿ. ಭಾರದ ಸ್ಪೀಕರಿನ ಕಾಲು ಅದರ ಮೇಲೆ ಬರಬಾರದು, ಸ್ಪೈಕ್, ಅಂದರೆ ಚೂಪು ಮೊನೆಯ ಲೋಹದ ಕಾಲು, ಅಂತೂ ಬರಲೇಬಾರದು. 28 ಕೆಜಿ ಸ್ಪೀಕರ್ ನಾಲ್ಕು ಸ್ಪೈಕ್ ಮೇಲೆ ನಿಂತರೆ ಒಂದೊಂದು ಮೊನೆಗೆ ಸರಾಸರಿ 7 ಕೆಜಿ. ಆ ಮೊನೆ ಸಾಸಿವೆ ಕಾಳಿಗಿಂತ ಚಿಕ್ಕದು.

ಕೈ ತಟ್ಟಿಯೂ ನೋಡಿಬಿಡಿ. ಚಪ್ಪಾಳೆಯ ಸದ್ದು ಕೋಣೆಯಲ್ಲಿ ಸುತ್ತಾಡಿಕೊಂಡು ಉಳಿದರೆ ನಿಮ್ಮ ತೊಂದರೆ ನೆಲದ್ದಲ್ಲ, ಗೋಡೆಗಳದ್ದು. ಗೋಳಗುಮ್ಮಟದೊಳಗೆ ಎಂಥ ಕಾಲು ಹಾಕಿದರೂ ಪ್ರತಿಧ್ವನಿ ನಿಲ್ಲುತ್ತದೆಯೇ?

## ಹಂತ 2: ಮುಂದಿನ ತೂಕ ಬೇರೆ, ಹಿಂದಿನ ತೂಕ ಬೇರೆ

ಸ್ಪೀಕರ್ ಪುಸ್ತಕದಲ್ಲಿ ತೂಕ ಬರೆದಿರುತ್ತದೆ. ಅದು ಸಾಲದು. ಕೆಲವರು ಪೆಟ್ಟಿಗೆ ಸಮೇತದ ತೂಕ ಬರೆಯುತ್ತಾರೆ, ಕೆಲವರು ಜೋಡಿಯದ್ದು. ಅದೂ ಅಲ್ಲದೆ ನಾಲ್ಕು ಕಾಲಿಗೆ ಸಮನಾಗಿ ತೂಕ ಬೀಳುವುದಿಲ್ಲ. ಸದ್ದು ಹೊರಡಿಸುವ ಡ್ರೈವರುಗಳ ಆಯಸ್ಕಾಂತ ಎಲ್ಲಾ ಮುಂದಿನ ಹಲಗೆಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಬಹುಪಾಲು ಸ್ಪೀಕರುಗಳಲ್ಲಿ ಮುಂದಿನ ಎರಡು ಕಾಲಿಗೆ ಭಾರ ಜಾಸ್ತಿ.

ಅಳೆಯುವುದು ಸುಲಭ. ಕಾಟಾ ಎಷ್ಟು ಎತ್ತರ ಇದೆಯೋ ಅಷ್ಟೇ ಎತ್ತರದ ಹಲಗೆ ತುಂಡುಗಳನ್ನು ಹುಡುಕಿ. ಸ್ಪೀಕರಿನ ಮುಂದಿನ ಎರಡು ಕಾಲು ಕಾಟಾ ಮೇಲೆ, ಹಿಂದಿನ ಎರಡು ಹಲಗೆ ಮೇಲೆ. ಸ್ಪೀಕರ್ ನೆಟ್ಟಗೆ ನಿಂತಿದೆಯೇ ಅಂತ ರಸಮಟ್ಟ ಇಟ್ಟು ನೋಡಿ. ವಾಲಿದರೆ ಅಂಕಿ ತಪ್ಪುತ್ತದೆ. ಅಂಕಿ ಬರೆದುಕೊಳ್ಳಿ. ಆಮೇಲೆ ತಿರುಗಿಸಿ, ಹಿಂದಿನ ಕಾಲು ಕಾಟಾ ಮೇಲೆ. ಎರಡೂ ಕೂಡಿಸಿದರೆ ಒಟ್ಟು ತೂಕ. ಸ್ಪೈಕ್ ಇದ್ದರೆ ಕಾಟಾದ ಗಾಜು ಒಡೆಯುತ್ತದೆ, ನಡುವೆ ಒಂದು ಹಲಗೆ ಇಡಿ, ಅದರ ತೂಕ ಕಳೆಯಿರಿ. ಕೇಬಲ್ ಬಿಚ್ಚಿರಲಿ, ಮುಂದಿನ ಬಟ್ಟೆಯ ಗ್ರಿಲ್ ದಿನಾ ಹಾಕುವವರು ಹಾಕಿಯೇ ತೂಗಲಿ.

ಒಂದು ಲೆಕ್ಕ ನೋಡೋಣ. ನನ್ನದೊಂದು ಸ್ಪೀಕರಿಗೆ ಮುಂದೆ 17 ಕೆಜಿ, ಹಿಂದೆ 11 ಕೆಜಿ ಬಂತು. ಒಟ್ಟು 28. ನಾಲ್ಕರಿಂದ ಭಾಗಿಸಿ ಕಾಲಿಗೆ 7 ಅಂದುಕೊಂಡರೆ ತಪ್ಪು. ಮುಂದಿನ ಒಂದೊಂದು ಕಾಲಿಗೆ 8.5, ಹಿಂದಿನದಕ್ಕೆ 5.5. ಒಂದು ಮಿಲಿಮೀಟರ್ ಕುಗ್ಗಲು 2 ಕೆಜಿ ಬೇಕಾಗುವ ಸ್ಪ್ರಿಂಗನ್ನು ನಾಲ್ಕೂ ಕಡೆ ಹಾಕಿದರೆ ಮುಂದೆ 4.25 ಮಿಮೀ ಕುಗ್ಗುತ್ತದೆ, ಹಿಂದೆ 2.75. ವ್ಯತ್ಯಾಸ ಒಂದೂವರೆ ಮಿಲಿಮೀಟರ್. ಕಾಲುಗಳ ನಡುವೆ 30 ಸೆಂಮೀ ಅಂತರ ಇದ್ದರೆ, 110 ಸೆಂಮೀ ಎತ್ತರದ ಸ್ಪೀಕರಿನ ತಲೆ ಐದೂವರೆ ಮಿಮೀ ಮುಂದಕ್ಕೆ ಬಾಗುತ್ತದೆ. "ಸ್ಪೀಕರ್ ವಾಲಿದೆ" ಅನ್ನುವವರ ಕಥೆ ಇಷ್ಟೇ.

## ಹಂತ 3: ಕಾಲು ಆರಿಸುವುದು

ಇಲ್ಲಿ ಒಂದೇ ಒಂದು ಸೂತ್ರ ಬೇಕು. ತೂಕ ಬಿದ್ದಾಗ ಕಾಲು ಎಷ್ಟು ಮಿಲಿಮೀಟರ್ ಕುಗ್ಗಿತು ಅಂತ ಅಳೆಯಿರಿ. ಅದರ ವರ್ಗಮೂಲದಿಂದ 15.8 ಅನ್ನು ಭಾಗಿಸಿ. ಬರುವ ಅಂಕಿ ಆ ಕಾಲಿನ ಸ್ವಂತ ಕುಣಿತದ ವೇಗ, ಹರ್ಟ್ಜ್ ಲೆಕ್ಕದಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಸಲ ಅಂತ. 1 ಮಿಮೀ ಕುಗ್ಗಿದರೆ ಸುಮಾರು 16 ಹರ್ಟ್ಜ್. 4 ಮಿಮೀ ಕುಗ್ಗಿದರೆ ಸುಮಾರು 8. 10 ಮಿಮೀ ಕುಗ್ಗಿದರೆ 5.

ಈ ಅಂಕಿ ಯಾಕೆ ಮುಖ್ಯ? ತನ್ನ ಸ್ವಂತ ವೇಗದ ಹತ್ತಿರ ಬರುವ ನಡುಕವನ್ನು ಕಾಲು ತಡೆಯುವುದಿಲ್ಲ, ಹೆಚ್ಚಿಸುತ್ತದೆ. ತೊಟ್ಟಿಲನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದ ಹಾಗೆ. ಸ್ವಂತ ವೇಗದ 1.4 ಪಟ್ಟು ದಾಟಿದ ಮೇಲೆ ತಡೆ ಶುರು. ಮೂರು ಪಟ್ಟು ದಾಟಿದರೆ ಒಳ್ಳೆ ಸ್ಪ್ರಿಂಗ್ ಕಾಲು ನಡುಕದ ಎಂಟನೇ ಒಂದು ಭಾಗವನ್ನಷ್ಟೇ ಕೆಳಗೆ ಬಿಡುತ್ತದೆ. ನಿಮ್ಮ ಸ್ಪೀಕರ್ 35 ಹರ್ಟ್ಜ್ ವರೆಗೆ ಇಳಿಯುತ್ತದೆ ಅಂದರೆ ಕಾಲಿನ ವೇಗ 10 ಹರ್ಟ್ಜ್‌ಗಿಂತ ಕೆಳಗಿರಲಿ. ಅಂದರೆ ಕಾಲು ಎರಡೂವರೆ ಮಿಲಿಮೀಟರಾದರೂ ಕುಗ್ಗಬೇಕು. ರಬ್ಬರಿಗೆ ಇನ್ನೂ ಸ್ವಲ್ಪ ಜಾಸ್ತಿ ಬೇಕು, ಯಾಕೆಂದರೆ ನಿಂತ ತೂಕಕ್ಕೆ ಮೆತ್ತಗಿರುವ ರಬ್ಬರ್ ನಡುಗುವಾಗ ಗಟ್ಟಿಯಾಗಿ ವರ್ತಿಸುತ್ತದೆ.

ಈಗ ವಾಷಿಂಗ್ ಮಷೀನ್ ಕೆಳಗೆ ಇಡುವ ರಬ್ಬರ್ ಬುಡಗಳನ್ನು ನೋಡಿ. ಅಗ್ಗ, ಎಲ್ಲಾ ಕಡೆ ಸಿಗುತ್ತವೆ, ಜನ ಮುಗಿಬಿದ್ದು ತರುತ್ತಾರೆ. ಅವು 60 ಕೆಜಿ ಮಷೀನಿಗೆ ಮಾಡಿದವು. ಕಪಾಟಿನ ಮೇಲೂ ಕೂರುವ 9 ಕೆಜಿಯ ಚಿಕ್ಕ ಬುಕ್‌ಶೆಲ್ಫ್ ಸ್ಪೀಕರ್ ಇಟ್ಟರೆ ಅರ್ಧ ಮಿಲಿಮೀಟರೂ ಕುಗ್ಗುವುದಿಲ್ಲ. ಆಗ ಕಾಲಿನ ವೇಗ 22 ಹರ್ಟ್ಜ್ ದಾಟುತ್ತದೆ, ರಬ್ಬರಾದ್ದರಿಂದ ಇನ್ನೂ ಮೇಲೆ. ಸರಿಯಾಗಿ ತಬಲಾದ ಎಡಗೈ, ಡೊಳ್ಳು, ಬಾಸ್ ಗಿಟಾರು ಇರುವ ಜಾಗದ ಹತ್ತಿರ. ಬಾಸ್ ಕೆಟ್ಟಿತು ಅನ್ನುವವರಲ್ಲಿ ಅರ್ಧ ಜನ ಹೀಗೆ ಮಾಡಿಕೊಂಡವರು.

ಸಿದ್ಧ ಕಾಲು ಕೊಳ್ಳುವವರು ತೂಕದ ಮಿತಿಯನ್ನು ಸರಿಯಾಗಿ ಓದಿ. ಐಸೊಅಕೌಸ್ಟಿಕ್ಸ್ ಕಂಪನಿಯ ಗಾಯಾ ಸರಣಿ ಇಲ್ಲಿ ಜಾಸ್ತಿ ಕೇಳಿಬರುವ ಹೆಸರು. ಹೆಸರು ಕೇಳಿ ಗಾಬರಿ ಬೇಡ, ಯಾರಿಗೂ ಗಾಯ ಆಗುವುದಿಲ್ಲ. ಅದರಲ್ಲಿ ಗಾಯಾ 3 ರ ಮಿತಿ 32 ಕೆಜಿ, ಗಾಯಾ 2 ರದ್ದು 54, ಗಾಯಾ 1 ರದ್ದು 100. ಇದು ನಾಲ್ಕು ಕಾಲು ಸೇರಿ ಒಂದು ಸ್ಪೀಕರಿನ ತೂಕ. ಒಂದು ಕಾಲಿನದ್ದಲ್ಲ, ಜೋಡಿ ಸ್ಪೀಕರಿನದ್ದೂ ಅಲ್ಲ. ನನ್ನ 28 ಕೆಜಿ ಸ್ಪೀಕರಿಗೆ ಗಾಯಾ 3 ಸಾಕು. "ದೊಡ್ಡದು ತಗೊಂಡ್ರ ಛಲೋ ಅಲ್ರೀ?" ಅಂತ ಕೇಳುತ್ತಾರೆ. ಅಲ್ಲ. ದೊಡ್ಡದು ದೊಡ್ಡ ತೂಕಕ್ಕೆ.

ಸಾರ್ಬೋಥೇನ್ ಎಂಬ ಮೆತ್ತನೆಯ ಪದಾರ್ಥದ ಅರ್ಧಗೋಲಗಳೂ ಸಿಗುತ್ತವೆ. 30, 50, 70 ಎಂದು ಗಟ್ಟಿತನದ ಅಂಕಿ ಇರುತ್ತದೆ. ಅಂಕಿ ಹೆಚ್ಚಾದಷ್ಟೂ ಗಟ್ಟಿ. ತನ್ನ ದಪ್ಪದ ನೂರಕ್ಕೆ 10ರಿಂದ 20ರಷ್ಟು ಕುಗ್ಗುವಂತೆ ಆರಿಸಿದರೆ ಸರಿ. ಪೂರ್ತಿ ರೊಟ್ಟಿಯಂತೆ ಹರಡಿಕೊಂಡರೆ ಗಟ್ಟಿಯದನ್ನು ತನ್ನಿ.

ಸ್ಪ್ರಿಂಗ್ ತಂದು ತಾವೇ ಮಾಡಿಕೊಳ್ಳುವವರಿಗೆ ಒಂದು ಉಪಾಯ. ಸ್ಪ್ರಿಂಗಿನ ಎತ್ತರವನ್ನು ವರ್ನಿಯರಿನಲ್ಲಿ ಅಳೆಯಿರಿ. ಮೇಲೆ ಚಿಕ್ಕ ಹಲಗೆ, ಅದರ ಮೇಲೆ 5 ಕೆಜಿ ಜೋಳದ ಚೀಲ ಇಡಿ. ಚೀಲ ವಾಲದಂತೆ ಬೆರಳಿನಿಂದ ತುಸು ಆನಿಸಿ ಹಿಡಿಯಿರಿ, ಅದುಮಬೇಡಿ. ಮತ್ತೆ ಅಳೆಯಿರಿ. ಎರಡೂವರೆ ಮಿಮೀ ಕುಗ್ಗಿದ್ದರೆ ಅದು ಮಿಲಿಮೀಟರಿಗೆ 2 ಕೆಜಿ ಸ್ಪ್ರಿಂಗ್. ಮುಂದಿನ ಕಾಲಿಗೆ ಗಟ್ಟಿಯದು, ಹಿಂದಿನದಕ್ಕೆ ಮೆತ್ತನೆಯದು ಅಂತ ಎರಡು ಜಾತಿ ಆರಿಸಿದರೆ ವಾಲುವ ತಕರಾರೇ ಇಲ್ಲ. ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗಬಾರದು. ತಾಗಿತೋ, ಅದು ಕಬ್ಬಿಣದ ಗುಂಡು.

ಸ್ಪೀಕರ್ ಹಗುರ, ಕಾಲು ಕುಗ್ಗುತ್ತಿಲ್ಲ ಅಂದರೆ ಇನ್ನೊಂದು ದಾರಿ ಇದೆ. ಕಾಲುಗಳ ಮೇಲೆ ಗ್ರಾನೈಟ್ ಹಲಗೆ, ಅದರ ಮೇಲೆ ಸ್ಪೀಕರ್. ಇಳಕಲ್ ಕಡೆ ಕಲ್ಲು ಕೊಯ್ಯುವಲ್ಲಿ ಉಳಿದ ತುಂಡು ಸಿಗುತ್ತವೆ. 40 ಸೆಂಮೀ ಉದ್ದ, 30 ಅಗಲ, 3 ದಪ್ಪದ ಕೆಂಪು ಗ್ರಾನೈಟ್ ಸುಮಾರು 10 ಕೆಜಿ ತೂಗುತ್ತದೆ. ತೂಕವೂ ಬಂತು, ಬುಡವೂ ಅಗಲವಾಯಿತು. ಆದರೆ ಬರೀ ಕಲ್ಲು ಬೆರಳಿನಿಂದ ಹೊಡೆದರೆ ಟಣ್ ಅನ್ನುತ್ತದೆ. ಸ್ಪೀಕರ್ ಮತ್ತು ಕಲ್ಲಿನ ನಡುವೆ ತೆಳು ಕಾರ್ಕ್ ಹಾಳೆ ಹಾಕಿ. ತೆಳು ಶಹಾಬಾದ್ ಕಲ್ಲು ಈ ಕೆಲಸಕ್ಕೆ ಬೇಡ, ಪದರ ಪದರವಾಗಿ ಏಳುತ್ತದೆ.

## ಹಂತ 4: ಥ್ರೆಡ್ ಯಾವುದು ಅಂತ ಖಚಿತ ಮಾಡಿಕೊಳ್ಳಿ

ಸ್ಪೀಕರಿನ ತಳದಲ್ಲಿ ಹಿತ್ತಾಳೆ ಅಥವಾ ಉಕ್ಕಿನ ಥ್ರೆಡ್ ಇರುವ ಚಿಕ್ಕ ಬುಶ್ ಕೂರಿಸಿರುತ್ತಾರೆ. ಅದು ಸಾಮಾನ್ಯವಾಗಿ ನಾಲ್ಕರಲ್ಲಿ ಒಂದಾಗಿರುತ್ತದೆ: ಎಂ6, ಎಂ8, ಕಾಲಿಂಚು, ಇಲ್ಲವೇ ಐದು ಹದಿನಾರಾಂಶ ಇಂಚು. ಬಹಳ ಭಾರದವಕ್ಕೆ ಎಂ10.

ಮೋಸ ಆಗುವುದು ಇಲ್ಲಿ. ಎಂ6 ಬೋಲ್ಟಿನ ದಪ್ಪ 6 ಮಿಮೀ, ಒಂದು ಸುತ್ತು ತಿರುಗಿಸಿದರೆ 1 ಮಿಮೀ ಮುಂದೆ ಹೋಗುತ್ತದೆ. ಕಾಲಿಂಚಿನದು 6.35 ಮಿಮೀ, ಒಂದು ಸುತ್ತಿಗೆ 1.27. ಕಣ್ಣಿಗೆ ಎರಡೂ ಅವಳಿ ಜವಳಿ. ಎಂ8 ಮತ್ತು ಐದು ಹದಿನಾರಾಂಶವೂ ಹಾಗೇ. ಒಂದು 8 ಮಿಮೀ, ಇನ್ನೊಂದು 7.94.

ನಾನೂ ಬಿದ್ದಿದ್ದೇನೆ. ಒಂದು ಅಂಗಡಿಯವರು ಎಂ6 ಅಂತ ಪೊಟ್ಟಣದ ಮೇಲೆ ಬರೆದು ಕೊಟ್ಟರು. ನಾನು ಅಳೆಯಲಿಲ್ಲ. ಎರಡು ಸುತ್ತು ಸಲೀಸಾಗಿ ಹೋಯಿತು, ಆಮೇಲೆ ಬಿಗಿ. ಬಣ್ಣ ತುಂಬಿರಬೇಕು ಅಂದುಕೊಂಡು ಸ್ಪ್ಯಾನರ್ ಹಾಕಿದೆ. ಕರ್ ಅಂತ ಒಂದು ಸದ್ದು. ಬುಶ್ ಸಮೇತ ತಿರುಗತೊಡಗಿತು. ಸುತ್ತಲಿನ ಎಂಡಿಎಫ್, ಅಂದರೆ ಮರದ ಪುಡಿ ಒತ್ತಿ ಮಾಡಿದ ಹಲಗೆ, ಹಿಟ್ಟಿನ ಹಾಗೆ ಉದುರಿತು. ಬೆಳಗಾವಿಗೆ ಹೋದಾಗ ಉದ್ಯಮಬಾಗದ ಲೇತ್ ಅಂಗಡಿಯಲ್ಲಿ ಆ ಬೋಲ್ಟ್ ತೋರಿಸಿದೆ. ಲೇತ್ ಮೇಲಿದ್ದ ಹುಡುಗ ಕೈಯಲ್ಲಿ ಹಿಡಿದೇ ಹೇಳಿದ, "ಸರ, ಇದು ಎಂ6 ಅಲ್ರೀ, ಎರಡು ಸೂತದ್ದೈತಿ." ಸೂತ ಅಂದರೆ ಇಂಚಿನ ಎಂಟನೇ ಒಂದು ಭಾಗ. ಎರಡು ಸೂತ ಅಂದರೆ ಕಾಲಿಂಚು. ಅವನು ವರ್ನಿಯರ್ ಹಚ್ಚಿ ತೋರಿಸಿದಾಗ 6.3 ಬಂತು. ಬುಶ್ಶನ್ನು ಅರಾಲ್ಡೈಟ್ ಅಂಟು ತುಂಬಿ ಮತ್ತೆ ಕೂರಿಸಿ, ಪೂರ್ತಿ ಒಂದು ದಿನ ಮುಟ್ಟದೆ ಬಿಟ್ಟೆ. ಈಗ ಗಟ್ಟಿ ಇದೆ. ಆದರೆ ಆ ಸದ್ದು ಇನ್ನೂ ಕಿವಿಯಲ್ಲಿದೆ.

ನಿಯಮ ಇಷ್ಟು. ಸ್ಪೀಕರ್ ಜೊತೆ ಬಂದ ಹಳೆಯ ಸ್ಪೈಕನ್ನೇ ಅಂಗಡಿಗೆ ಒಯ್ಯಿರಿ. ಹೊಸ ಬೋಲ್ಟ್ ಪಕ್ಕಕ್ಕೆ ಇಟ್ಟು ಹಲ್ಲಿಗೆ ಹಲ್ಲು ಕೂರುತ್ತದೆಯೇ ಅಂತ ಬೆಳಕಿಗೆ ಹಿಡಿದು ನೋಡಿ. ಸ್ಪೀಕರಿನಲ್ಲಿ ಐದಾರು ಸುತ್ತು ಬರೀ ಬೆರಳಿನಿಂದ ಹೋಗಬೇಕು. ಹೋಗದಿದ್ದರೆ ಅದು ತಪ್ಪು ಬೋಲ್ಟ್. ಗಡಗಡ ಅಲ್ಲಾಡುತ್ತಾ ಹೋದರೂ ತಪ್ಪೇ. ಎಂ6 ಬೋಲ್ಟ್ ಕಾಲಿಂಚಿನ ರಂಧ್ರದೊಳಗೆ ಹಾಗೆ ಹೋಗುತ್ತದೆ. ಬೋಲ್ಟಿನ ಉದ್ದವನ್ನೂ ನೋಡಿ. ಬುಶ್ಶಿಗಿಂತ ಉದ್ದವಾದರೆ ತುದಿ ಒಳಗೆ ಹೋಗಿ ತಳದ ಹಲಗೆಯನ್ನು ತಳ್ಳುತ್ತದೆ.

ಗಾಯಾ ಸರಣಿಯ ಜೊತೆ ಎಂ6, ಎಂ8, ಕಾಲಿಂಚು ಮೂರೂ ಬರುತ್ತವೆ. ಬೇರೆ ಅಳತೆ ಬೇಕಿದ್ದರೆ ಲೇತ್ ಅಂಗಡಿಯಲ್ಲಿ ಒಂದು ಕಡೆ ನಿಮ್ಮ ಸ್ಪೀಕರಿನ ಥ್ರೆಡ್, ಇನ್ನೊಂದು ಕಡೆ ಕಾಲಿನ ಥ್ರೆಡ್ ಇರುವ ತುಂಡನ್ನು ಮಾಡಿಸಿಕೊಳ್ಳಬಹುದು. ನಾಲ್ಕಲ್ಲ, ಹತ್ತು ಮಾಡಿಸಿ. ಎಂಟು ಬೇಕು, ಎರಡು ಕಳೆದುಹೋಗಲು.

## ಹಂತ 5: ಜಾಗ ಮೊದಲು ಗಟ್ಟಿಯಾಗಲಿ

ಹಳೆಯ ಕಾಲಿನ ಮೇಲೇ ಸ್ಪೀಕರ್ ಇರಲಿ. ಗೋಡೆಯಿಂದ ಎಷ್ಟು ದೂರ, ಎಷ್ಟು ತಿರುವು ಅಂತ ಒಂದು ವಾರ ಅಲ್ಲಿ ಇಲ್ಲಿ ಸರಿಸಿ ಕೇಳಿ. ಗೋಡೆಯಿಂದ ಒಂದು ಗೇಣು ಸರಿಸಿದಾಗ ಬಾಸಿನಲ್ಲಿ ಆಗುವ ಬದಲಾವಣೆ ಯಾವ ಕಾಲಿನಿಂದಲೂ ಆಗದು. ಸರಿ ಅನಿಸಿದ ಮೇಲೆ ನಾಲ್ಕೂ ಮೂಲೆಗೆ ಕಾಗದದ ಟೇಪು ಹಚ್ಚಿ.

ಟ್ವೀಟರ್, ಅಂದರೆ ಮೇಲಿನ ಸ್ವರ ನುಡಿಸುವ ಚಿಕ್ಕ ಡ್ರೈವರ್, ನೆಲದಿಂದ ಎಷ್ಟು ಎತ್ತರ ಅಂತಲೂ ಬರೆದಿಡಿ. ಹೊಸ ಕಾಲು ಎರಡು ಮೂರು ಸೆಂಟಿಮೀಟರ್ ಎತ್ತರಿಸಬಹುದು. ಕುರ್ಚಿಯವರಿಗೆ ಇದು ದೊಡ್ಡ ಮಾತಲ್ಲ. ನೆಲಕ್ಕೆ ಗಾದಿ ಹಾಸಿ ಕೂತು ಕೇಳುವವರಿಗೆ ಟ್ವೀಟರ್ ಮೊದಲೇ ತಲೆಯ ಮೇಲಿರುತ್ತದೆ. ಅಂಥವರು ಹಿಂದಿನ ಕಾಲನ್ನು ತುಸು ಎತ್ತರಿಸಿ ಸ್ಪೀಕರ್ ಮುಖ ಕೂಡುವ ಜಾಗಕ್ಕೆ ನೋಡುವಂತೆ ಮಾಡಬೇಕಾಗುತ್ತದೆ. ಆಗ ಮುಂದಿನ ಕಾಲಿಗೆ ಭಾರ ಇನ್ನೂ ಜಾಸ್ತಿಯಾಗುತ್ತದೆ ಅನ್ನೋದು ನೆನಪಿರಲಿ.

ತಳದಲ್ಲೇ ಗಾಳಿಯ ಕಿಂಡಿ ಅಥವಾ ನೆಲಕ್ಕೆ ಮುಖ ಮಾಡಿದ ವೂಫರ್ (ಬಾಸ್ ನುಡಿಸುವ ದೊಡ್ಡ ಡ್ರೈವರ್) ಇದ್ದರೆ ಎಚ್ಚರ. ನೆಲಕ್ಕೂ ತಳಕ್ಕೂ ಕಂಪನಿ ಕೊಟ್ಟ ಅಂತರ ಬದಲಾಗಬಾರದು. ಬದಲಾದರೆ ಬಾಸ್ ಬದಲಾಗುತ್ತದೆ, ಜನ ಅದನ್ನು ಕಾಲಿನ ಗುಣ ಅಂದುಕೊಳ್ಳುತ್ತಾರೆ.

## ಹಂತ 6: ಜೋಡಣೆ

ಆಂಪ್ಲಿಫೈಯರ್ ಆಫ್ ಮಾಡಿ, ಕೇಬಲ್ ಬಿಚ್ಚಿ. ಸ್ಪೀಕರನ್ನು ಗಾದಿಯ ಮೇಲೆ ಪಕ್ಕಕ್ಕೆ ಮಲಗಿಸಿ. ಮುಖ ಕೆಳಗೆ ಬೇಡ, ಕೋನ್ ಹೋಗುತ್ತದೆ. ಬೆನ್ನು ಕೆಳಗೂ ಬೇಡ, ಕೇಬಲ್ ಸಿಕ್ಕಿಸುವ ಕಂಬಗಳು ಮುರಿಯುತ್ತವೆ. ಕೈಯ ಉಂಗುರ, ಗಡಿಯಾರ ತೆಗೆದಿಡಿ.

ಹಳೆಯ ಸ್ಪೈಕ್ ಬಿಚ್ಚಿ. ಹೊಸ ಕಾಲನ್ನು ಬೆರಳಿನಿಂದ ತಿರುಗಿಸಿ ಕೂರಿಸಿ. ಕೂತ ಮೇಲೆ ಲಾಕ್ ನಟ್ ಇದ್ದರೆ ಅದನ್ನು ಸ್ಪ್ಯಾನರಿನಿಂದ ನಾಲ್ಕನೇ ಒಂದು ಸುತ್ತು, ಅಷ್ಟೇ. ಎಂಡಿಎಫ್ ಮರ ಅಲ್ಲ, ಒತ್ತಿದ ಪುಡಿ. ಜೋರು ಮಾಡಿದರೆ ನನ್ನ ಕಥೆಯೇ ನಿಮ್ಮದೂ. ಗಾಯಾ ಕಾಲಿಗೆ ದಿಕ್ಕಿದೆ. ಅದರ ಮೇಲಿನ ಕಂಪನಿ ಗುರುತು ಸ್ಪೀಕರಿನ ಮುಂದಕ್ಕೆ ಅಥವಾ ಹಿಂದಕ್ಕೆ ನೇರವಾಗಿ ಬರಬೇಕು, ಪಕ್ಕಕ್ಕಲ್ಲ.

ಎತ್ತುವಾಗ ಇಬ್ಬರೂ ಒಟ್ಟಿಗೆ ನೇರ ಮೇಲಕ್ಕೆ ಎತ್ತಿ. ಒಂದು ಅಂಚಿನ ಮೇಲೆ ತಿರುಗಿಸಿ ನಿಲ್ಲಿಸಿದರೆ ಇಡೀ ತೂಕ ಎರಡೇ ಕಾಲಿನ ಮೇಲೆ ಓರೆಯಾಗಿ ಬೀಳುತ್ತದೆ. ರಬ್ಬರ್ ಕಾಲು ಹರಿಯುವುದು, ಬೋಲ್ಟ್ ಬಾಗುವುದು ಆಗಲೇ. ಇಟ್ಟ ಮೇಲೆ ಎಳೆದು ಸರಿಸಬೇಡಿ. ಸರಿಸಬೇಕಿದ್ದರೆ ಮತ್ತೆ ಎತ್ತಿ.

ಪಾಲಿಶ್ ನೆಲದ ಮೇಲೆ ಕಪ್ಪು ರಬ್ಬರ್ ನೇರ ಕೂರಿಸಿದರೆ ತಿಂಗಳುಗಳಲ್ಲಿ ಕಲೆ ಹಿಡಿಯುತ್ತದೆ, ಒರೆಸಿದರೆ ಹೋಗುವುದಿಲ್ಲ. ಕೆಳಗೆ ಚಿಕ್ಕ ಗಾಜಿನ ಬಿಲ್ಲೆ ಅಥವಾ ಟೈಲ್ ತುಂಡು ಇಡಿ. ಆ ತುಂಡಿನ ಕೆಳಗೆ ಮತ್ತೆ ಮೆತ್ತನೆಯದು ಏನೂ ಬೇಡ. ರಬ್ಬರ್, ಅದರ ಕೆಳಗೆ ದಪ್ಪ ಜಮಖಾನೆ, ಅದರ ಕೆಳಗೆ ಫೋಮ್ ಅಂತ ಪೇರಿಸಿದ ಮನೆ ನೋಡಿದ್ದೇನೆ. ಸ್ಪೀಕರ್ ಮುಟ್ಟಿದರೆ ಸಾಕು, ತೊಟ್ಟಿಲು. ಮೆತ್ತನೆಯ ಪದರ ಒಂದೇ ಇರಲಿ.

## ಹಂತ 7: ಮಟ್ಟ

ರಸಮಟ್ಟವನ್ನು ಸ್ಪೀಕರ್ ತಲೆಯ ಮೇಲೆ ಮೊದಲು ಅಡ್ಡಲಾಗಿ, ಆಮೇಲೆ ಉದ್ದಕ್ಕೆ ಇಡಿ. ಕಾಲನ್ನು ಎತ್ತರಿಸುವಾಗ ಅರ್ಧ ಸುತ್ತಿಗಿಂತ ಜಾಸ್ತಿ ಒಮ್ಮೆಗೇ ತಿರುಗಿಸಬೇಡಿ. ಒಂದು ಪೋಸ್ಟ್ ಕಾರ್ಡ್ ತಗೊಂಡು ನಾಲ್ಕೂ ಕಾಲಿನಡಿ ತೂರಿಸಿ ನೋಡಿ. ಎಲ್ಲಾದರೂ ತೂರಿತೋ, ಆ ಕಾಲು ಗಾಳಿಯಲ್ಲಿದೆ. ಹಳೆಯ ಫರ್ಸಿ ನೆಲದಲ್ಲಿ ಇದು ದಿನಾ ನೋಡುವ ಸಂಗತಿ.

ಮೊದಲ ದಿನ ಸರಿಮಾಡಿದ ಮಟ್ಟ ಮರುದಿನ ಇರುವುದಿಲ್ಲ. ರಬ್ಬರ್ ತೂಕದಡಿ ನಿಧಾನಕ್ಕೆ ಇನ್ನಷ್ಟು ಕೂರುತ್ತದೆ. 24 ಗಂಟೆ ಆದ ಮೇಲೆ ಒಮ್ಮೆ, ವಾರ ಆದ ಮೇಲೆ ಒಮ್ಮೆ ನೋಡಿ. ಏಪ್ರಿಲ್, ಮೇ ಸೆಖೆಯಲ್ಲಿ ಮತ್ತೊಮ್ಮೆ. ಕಿಟಕಿಯ ಬಿಸಿಲು ನೇರ ಬೀಳುವ ಜಾಗದಲ್ಲಿ ಒಂದು ಬದಿಯ ಕಾಲು ಮಾತ್ರ ಮೆತ್ತಗಾಗುತ್ತದೆ.

ವಿಜಯಪುರ, ಬಾಗಲಕೋಟೆಯ ಎರೆಮಣ್ಣಿನ ಮೇಲೆ ಕಟ್ಟಿದ ಮನೆಯವರಿಗೆ ಇನ್ನೂ ಒಂದು ಕೆಲಸ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅಡಿಪಾಯ ಆಳ ಇಲ್ಲದ ಮನೆಯಲ್ಲಿ ನೆಲವೂ ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಬೇಸಿಗೆ ಕೊನೆಗೆ ಒಂದು ಸಲ, ಮಳೆಗಾಲ ಮುಗಿದ ಮೇಲೆ ಒಂದು ಸಲ ರಸಮಟ್ಟ ಇಡಿ. ಸ್ಪೀಕರಿನ ತಪ್ಪಲ್ಲ, ಮಣ್ಣಿನ ಗುಣ.

## ಹಂತ 8: ಪರೀಕ್ಷೆ

ಕಿವಿಯನ್ನಷ್ಟೇ ನಂಬಿದರೆ ಖರ್ಚು ಮಾಡಿದ ದುಡ್ಡು ತೀರ್ಪು ಕೊಡುತ್ತದೆ. ಹಾಗಾಗಿ ಕಾಲು ಹಾಕುವ ಮೊದಲೇ ಒಂದು ಅಳತೆ ತೆಗೆದಿಟ್ಟುಕೊಳ್ಳಿ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಎಂಬ ಉಚಿತ ಆಪ್ ಇದೆ. ಫೋನಿನೊಳಗಿನ ಚಲನೆಯ ಸೆನ್ಸರನ್ನು ಬಳಸಿ ಯಾವ ಹರ್ಟ್ಜ್‌ನಲ್ಲಿ ಎಷ್ಟು ನಡುಕ ಅಂತ ತೋರಿಸುತ್ತದೆ.

ಫೋನನ್ನು ಸ್ಪೀಕರಿನಿಂದ ಒಂದು ಗೇಣು ದೂರ, ನೆಲದ ಮೇಲೆ ಇಡಿ. ಕವರ್ ತೆಗೆದಿರಲಿ. ಫ್ಯಾನ್ ಆಫ್, ಮನೆಯವರು ಓಡಾಡುವುದು ಬೇಡ. 31 ಮತ್ತು 40 ಹರ್ಟ್ಜ್ ಸ್ವರಗಳನ್ನು ಒಂದೊಂದಾಗಿ ಹಾಕಿ. ಸದ್ದು ಮಾತಿನಷ್ಟೇ ಇರಲಿ, ಹತ್ತು ಸೆಕೆಂಡಿಗಿಂತ ಜಾಸ್ತಿ ಬೇಡ. ಒಂದೇ ಸ್ವರವನ್ನು ಜೋರಾಗಿ ಬಿಟ್ಟರೆ ವೂಫರಿನ ಕಾಯಿಲ್ ಸುಡುತ್ತದೆ. ಫೋನಿನ ಸೆನ್ಸರ್ ಸೆಕೆಂಡಿಗೆ 100 ಸಲ ಅಳೆಯುವುದಾದರೆ 50 ಹರ್ಟ್ಜ್ ಒಳಗಿನದ್ದನ್ನು ಮಾತ್ರ ನಂಬಬಹುದು. ಕಾಲು ಹಾಕಿದ ಮೇಲೆ ಅದೇ ಜಾಗ, ಅದೇ ವಾಲ್ಯೂಮ್, ಅದೇ ಸ್ವರ. ನೆಲದ ನಡುಕ ಕಡಿಮೆಯಾಗಿದ್ದರೆ ಕಾಲು ಕೆಲಸ ಮಾಡುತ್ತಿದೆ. ಯಾವುದಾದರೂ ಸ್ವರಕ್ಕೆ ಜಾಸ್ತಿಯಾಗಿದ್ದರೆ ಕಾಲು ಗಟ್ಟಿಯಾಯಿತು, ಹಂತ 3ಕ್ಕೆ ವಾಪಸು ಹೋಗಿ.

ಆಮೇಲೆ ಹಾಡು. ನಾನು ಒಂಟಿ ತಂಬೂರಿ ಮತ್ತು ತಬಲಾ ಇರುವ ವಚನ ಗಾಯನ ಹಾಕುತ್ತೇನೆ. ಡಗ್ಗಾದ ಗುಮಕಿ ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಅನ್ನುವುದು ಗೊತ್ತಾಗಬೇಕು. ಮೊದಲಿಗಿಂತ ಬಾಸ್ ತುಸು ಕಡಿಮೆ ಅನಿಸಬಹುದು. ನೆಲ ಸೇರಿಸುತ್ತಿದ್ದ ಗುಂಯ್ ಹೋಗಿದೆ, ಅಷ್ಟೇ. ಎರಡು ಮೂರು ದಿನ ಕೇಳಿ, ಆಮೇಲೆ ಹೇಳಿ.

## ಸಬ್‌ವೂಫರ್, ಸ್ಟ್ಯಾಂಡ್, ಮಕ್ಕಳು

ಬಜೆಟ್ ಒಂದಕ್ಕೇ ಇದ್ದರೆ ಸಬ್‌ವೂಫರಿಗೆ, ಅಂದರೆ ಬರೀ ಬಾಸ್ ನುಡಿಸುವ ಪೆಟ್ಟಿಗೆಗೆ, ಹಾಕಿ. ನೆಲವನ್ನು ಹೆಚ್ಚು ಅಲ್ಲಾಡಿಸುವುದು ಅದೇ. ಸಬ್ 25 ಹರ್ಟ್ಜ್‌ಗೆ ಇಳಿಯುವುದಾದರೆ ಅದರ ಕಾಲು ಇನ್ನೂ ಮೆತ್ತಗಿರಬೇಕು, 8 ಹರ್ಟ್ಜ್ ಅಥವಾ ಕೆಳಗೆ.

ಬುಕ್‌ಶೆಲ್ಫ್ ಸ್ಪೀಕರಿಗೆ ಸ್ಟ್ಯಾಂಡ್ ಇದ್ದರೆ ಮೆತ್ತನೆಯ ಪದರ ಸ್ಪೀಕರಿನ ಕೆಳಗೋ ಸ್ಟ್ಯಾಂಡಿನ ಕೆಳಗೋ? ಒಂದು ಕಡೆ ಮಾತ್ರ. ನಾನು ಸ್ಪೀಕರ್ ಮತ್ತು ಸ್ಟ್ಯಾಂಡ್ ನಡುವೆ ಇಡುತ್ತೇನೆ, ಉರುಳುವ ಭಯ ಕಡಿಮೆ. ಟೊಳ್ಳು ಕಬ್ಬಿಣದ ಸ್ಟ್ಯಾಂಡಾದರೆ ಮರಳು ತುಂಬಿ. ತೊಳೆದು, ಎರಡು ದಿನ ಬಿಸಿಲಿಗೆ ಒಣಗಿಸಿದ ಮರಳೇ ಬೇಕು. ಹಸಿ ಮರಳು ಒಳಗಿನಿಂದ ತುಕ್ಕು ಹಿಡಿಸುತ್ತದೆ.

ಎತ್ತರದ ಕಿರಿದಾದ ಸ್ಪೀಕರ್ ಮೆತ್ತನೆಯ ಕಾಲಿನ ಮೇಲೆ ನಿಂತರೆ ಉರುಳುವುದು ಸುಲಭ. ಮನೆಯಲ್ಲಿ ಓಡಾಡುವ ಕೂಸು ಇದ್ದರೆ, ಅಥವಾ ಅಜ್ಜಿ ಏಳುವಾಗ ಏನಾದರೂ ಹಿಡಿದು ಏಳುವವರಾದರೆ, ಸ್ಪೀಕರ್ ತಳಕ್ಕೆ ಎರಡೂ ಬದಿ ಹೊರಚಾಚುವ ದಪ್ಪ ಕಬ್ಬಿಣದ ಪಟ್ಟಿ ಮಾಡಿಸಿ, ಅದರ ತುದಿಗೆ ಕಾಲು ಹಾಕಿ. ತಲೆಯ ಹತ್ತಿರ ಎರಡು ಬೆರಳಿನಿಂದ ತಳ್ಳಿ ಬಿಡಿ. ಒಂದೆರಡು ಸಲ ತೂಗಿ ನಿಲ್ಲಬೇಕು. ನಿಲ್ಲದೆ ಓಲಾಡುತ್ತಲೇ ಇದ್ದರೆ ಆ ಕಾಲು ಆ ಮನೆಗೆ ಅಲ್ಲ.

## ಕೂಡಲೇ ನಿಲ್ಲಿಸಬೇಕಾದ ಸೂಚನೆಗಳು

ಕಾಲು ತಿರುಗಿಸುತ್ತಿದ್ದೀರಿ, ಬಿಗಿಯಾಗುತ್ತಲೇ ಇಲ್ಲ: ಬುಶ್ ಕಿತ್ತಿದೆ. ಸ್ಪೀಕರ್ ನಿಲ್ಲಿಸಬೇಡಿ.

ರಬ್ಬರ್ ಪಕ್ಕಕ್ಕೆ ಉಬ್ಬಿ ಬಿಳಿ ಗೆರೆ ಕಾಣುತ್ತಿದೆ: ತೂಕ ಮಿತಿ ದಾಟಿದೆ, ಹರಿಯುವ ಮೊದಲಿನ ಹಂತ.

ಒಂದು ನಿರ್ದಿಷ್ಟ ಸ್ವರಕ್ಕೆ ಮಾತ್ರ ಕಿರಗುಟ್ಟುವ ಸದ್ದು: ಲಾಕ್ ನಟ್ ಸಡಿಲ ಅಥವಾ ಒಂದು ಕಾಲು ನೆಲ ಮುಟ್ಟಿಲ್ಲ. ಪೋಸ್ಟ್ ಕಾರ್ಡ್ ತನ್ನಿ.

ಟೈಲಿನಲ್ಲಿ ಕೂದಲೆಳೆಯಷ್ಟು ಬಿರುಕು: ಸ್ಪೀಕರ್ ಎತ್ತಿ, ನಾಣ್ಯದಿಂದ ತಟ್ಟಿ.

ಬಿಚ್ಚಿದ ಹಳೆಯ ಸ್ಪೈಕ್, ನಟ್, ಉಳಿದ ಬೋಲ್ಟುಗಳನ್ನು ಒಂದು ಪೊಟ್ಟಣದಲ್ಲಿ ಹಾಕಿ, ಮುಂದಿನ ತೂಕ, ಹಿಂದಿನ ತೂಕ, ಥ್ರೆಡ್ ಅಳತೆ ಚೀಟಿಯಲ್ಲಿ ಬರೆದು ಒಳಗಿಡಿ. ಪೊಟ್ಟಣವನ್ನು ಸ್ಪೀಕರಿನ ಖಾಲಿ ಡಬ್ಬಿಯೊಳಗೆ ಅಂಟಿಸಿ. ಆ ಡಬ್ಬಿಯನ್ನು ದಸರೆಗೆ ಅಟ್ಟ ಸ್ವಚ್ಛ ಮಾಡುವಾಗ ಗುಜರಿಗೆ ಹಾಕಬೇಡಿ ಅಂತ ಮನೆಯವರಿಗೆ ಈಗಲೇ ಹೇಳಿಬಿಡಿ.